ಕೂದಲೆಳೆಯ ಅಕ್ಷರ

ಬೆಳಗಾವಿ ಶಹಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಮೊದಲು ಮಗ್ಗದ ಕುಣಿ ಇತ್ತು. ನೇಯುವವನು ಕಾಲು ಇಳಿಬಿಟ್ಟು ಕೂರುವ ತಗ್ಗು ಅದು. ಮೀಸೆ ಮೂಡುವ ಮೊದಲೇ ನಾನು ಆ ಕುಣಿಗೆ ಇಳಿದವನು. ಮನೆಯ ಮಂದಿಗಿಂತ ಆ ಕುಣಿಯೇ ನನ್ನ ಕಾಲನ್ನು ಹೆಚ್ಚು ನೋಡಿರಬೇಕು. ಮಗ್ಗ ನಿಂತ ಮೇಲೆ ಮಣ್ಣು ತುಂಬಿ, ಮೇಲೆ ಫರಶಿ ಕಲ್ಲು ಕೂರಿಸಿದೆವು. ಈಗ ಸರಿಯಾಗಿ ಅದೇ ಜಾಗದಲ್ಲಿ ನನ್ನ ಮೊಮ್ಮಗಳ ಮೇಜು ಇದೆ. ಖಾನಾಪುರಕ್ಕೆ ಕೊಟ್ಟ ಮಗಳ ಮಗಳು ಅವಳು. ಚಿತ್ರಕಲೆ ಕಲಿಯಲೆಂದು ಬೆಳಗಾವಿಗೆ ಬಂದು ನಮ್ಮ ಮನೆ ಸೇರಿದವಳು, ಕಲಿತು ಮುಗಿದ ಮೇಲೂ ಇಲ್ಲೇ ಉಳಿದಿದ್ದಾಳೆ. ಅವಳ ಕೆಲಸ ಅಕ್ಷರ ಮಾಡುವುದು.

ಬರೆಯುವುದಲ್ಲ, ಮಾಡುವುದು. ಈ ಮಾತು ನನಗೂ ಮೊದಲು ತಲೆಗೆ ಹತ್ತಿರಲಿಲ್ಲ. ಅಕ್ಷರ ಆಗಲೇ ಇದ್ದಾವಲ್ಲ, ಮತ್ತೆ ಮಾಡುವುದೇನು ಎಂದು ಕೇಳಿದ್ದೆ. ಅವಳು ತಿರುಗಿ ಕೇಳಿದಳು, “ಸೀರಿನೂ ಮೊದಲ ಇದ್ದುವಲ್ಲಜ್ಜಾ, ನೀ ಯಾಕ ನೇಯತಿದ್ದಿ?”

ಒಂದು ಮಧ್ಯಾಹ್ನ ಊಟ ಮುಗಿಸಿ ಗೋಡೆಗೆ ಒರಗಿ ಕೂತಿದ್ದೆ. ಅವಳು ದೊಡ್ಡ ಹಾಳೆಯೊಂದನ್ನು ತಂದು ನನ್ನ ತೊಡೆಯ ಮೇಲಿಟ್ಟಳು. ಹಾಳೆಯ ತುಂಬ ಒಂದೇ ಒಂದು ಕ.

“ಹೆಂಗೈತಿ ಅಜ್ಜಾ?”

“ಕ ಐತಿ.”

“ಕ ಐತಿ ಅನ್ನೂದು ನನಗೂ ಗೊತ್ತೈತಿ. ಹೆಂಗೈತಿ ಹೇಳು.”

ನಾನು ಕಲಿತದ್ದು ನಾಲ್ಕನೆಯ ಇಯತ್ತೆ, ಅದೂ ಪೂರ್ತಿ ಅಲ್ಲ. ಅಕ್ಷರವೆಂದರೆ ನನಗೆ ದಾಟಿ ಹೋಗಬೇಕಾದ ಹಳ್ಳ ಇದ್ದಂತೆ. ಬಸ್ಸಿನ ಬೋರ್ಡು, ರೇಷನ್ ಕಾರ್ಡು, ಔಷಧದ ಚೀಟಿ ಎದುರಾದಾಗ ಹೇಗೋ ಆಚೆ ದಂಡೆ ಮುಟ್ಟಿದರೆ ಸಾಕಿತ್ತು. ದಾಟುವವನು ನೀರಿನ ಚೆಂದ ನೋಡುತ್ತ ನಿಲ್ಲುವುದಿಲ್ಲ. ಆ ಮಧ್ಯಾಹ್ನ ನಾನು ಮೊದಲ ಸಲ ನಿಂತು ನೋಡಿದೆ.

ಅಕ್ಷರದ ಹೊಟ್ಟೆಯ ಎರಡೂ ಬದಿ ಕುಂಬಳಕಾಯಿಯ ಹೆಗಲಿನಂತೆ ತುಂಬಿಕೊಂಡಿದ್ದವು. ಅಲ್ಲಿಂದ ಗೆರೆ ಏರುತ್ತ ಏರುತ್ತ ಸಣ್ಣಗಾಗಿ, ನೆತ್ತಿಯ ಹತ್ತಿರ ಬರುವಷ್ಟರಲ್ಲಿ ಕೂದಲೆಳೆಯಾಗಿತ್ತು. ಸೊಂಟದ ಅಡ್ಡಗೆರೆಯೂ ಕೂದಲೆಳೆ, ಮೇಲಿನ ತಲೆಕಟ್ಟೂ ಕೂದಲೆಳೆ. ತಲೆಕಟ್ಟಿನ ತುದಿ ಮಾತ್ರ ಮಲ್ಲಿಗೆಯ ಮೊಗ್ಗಿನ ಹಾಗೆ ಒಂದಿಷ್ಟು ಉಬ್ಬಿತ್ತು. ಒಂದೇ ಗೆರೆ ಒಮ್ಮೆ ಪೈಲವಾನನಾಗಿ, ಒಮ್ಮೆ ಬಳ್ಳಿಯಾಗಿ ನಡೆದಿತ್ತು. ನಾನು ಅದರ ಮೇಲೆ ಬೆರಳು ಓಡಿಸಿದೆ, ನುಣ್ಣಗಿರುತ್ತದೇನೋ ಎಂದು. ಬರೀ ಕಾಗದ. ಆದರೂ ಬೆರಳಿಗೆ ಏನೋ ತಾಗಿದಂತಾಯಿತು.

“ಇದು ಉಟ್ಟುಕೊಳ್ಳೂವಂಗ ಐತಿ,” ಎಂದೆ. ನನಗೆ ಬರುವ ದೊಡ್ಡ ಹೊಗಳಿಕೆ ಅದೊಂದೇ.

ಇಂಗ್ಲಿಷಿನಲ್ಲಿ ಇಂಥ ದಪ್ಪ-ಸಣ್ಣದ ಅಕ್ಷರ ಬಹಳ ಇದ್ದಾವಂತೆ. ಮಾಸಿಕಗಳ ಹೆಸರು, ಅತ್ತರಿನ ಬಾಟಲಿಯ ಚೀಟಿ ಎಲ್ಲ ಅವುಗಳಲ್ಲೇ. ಅವಳು ತೋರಿಸಿದಳು. ಪ್ರತಿ ಅಕ್ಷರದ ಕಾಲಿಗೂ ಸಣ್ಣದೊಂದು ಪಾದ ಇತ್ತು.

“ಚಪ್ಪಲಿ ಹಾಕ್ಕೊಂಡಾವ ಅನ್ನು,” ಎಂದೆ.

“ಹೂಂ. ನಮ್ಮ ಕನ್ನಡಕ್ಕ ಕಾಲಾಗ ಏನೂ ಇಲ್ಲ ನೋಡು.”

“ನಮ್ಮವು ಪಟಗಾ ಸುತ್ಯಾವಲ್ಲ, ತಲಿಮ್ಯಾಗ.”

ಅವಳು ನಕ್ಕು, ಆ ಮಾತನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದಳು. ನನ್ನ ಮಾತು ಗೋಡೆ ಏರಿದ್ದು ಅದೇ ಮೊದಲು. ಬಂದವರಿಗೆಲ್ಲ ತೋರಿಸಿದೆ.

ಅವಳ ಕೆಲಸ ನೋಡುತ್ತ ಕೂರುವುದು ನನ್ನ ದಿನಚರಿಯಾಯಿತು. ಮೊದಲು ಅಗಲ ಮೂತಿಯ ಪೆನ್ನಿನಿಂದ ಕಾಗದದ ಮೇಲೆ ಬರೆಯುತ್ತಾಳೆ. ಒಂದೇ ಅಕ್ಷರವನ್ನು ನೂರು ಸಲ. ಅದರಲ್ಲಿ ಒಂದನ್ನು ಆರಿಸಿ ಕಂಪ್ಯೂಟರಿನಲ್ಲಿ ಇಟ್ಟು, ಗೆರೆಯ ಅಂಚನ್ನು ಚೂರು ಚೂರೇ ಸರಿಸುತ್ತಾಳೆ. ಕಾಗುಣಿತ ಬೇರೆ, ಒತ್ತಕ್ಷರ ಬೇರೆ. ಒಂದು ಅಕ್ಷರದ ಪಕ್ಕ ಇನ್ನೊಂದು ಬಂದರೆ ನಡುವೆ ಎಷ್ಟು ಬಿಳಿ ಬಿಡಬೇಕು ಎಂಬುದಕ್ಕೇ ತಿಂಗಳುಗಟ್ಟಲೆ ಕೂತಳು. ಅದು ನನಗೆ ಹೇಳದೆಯೇ ತಿಳಿಯಿತು. ಮಗ್ಗದಲ್ಲಿ ಎಳೆಗಳು ಹಾಯುವ ಹಣಿಗೆಯಲ್ಲೂ ಹಲ್ಲಿಗಿಂತ ಹಲ್ಲಿನ ನಡುವಿನ ಸಂದಿಯೇ ಮುಖ್ಯ. ಬಟ್ಟೆಯ ಮೈ ಆಗುವುದು ಅಲ್ಲಿ.

ಅಂಗಿಯ ಜೇಬಿನಲ್ಲಿ ಅವಳ ಅಕ್ಷರಗಳ ಹಾಳೆಯೊಂದನ್ನು ಮಡಚಿ ಇಟ್ಟುಕೊಂಡು ತಿರುಗತೊಡಗಿದೆ. ಕ್ಷೌರದ ಅಂಗಡಿಯವನಿಗೆ ತೋರಿಸಿದೆ, ಚಹಾದ ಗಾಡಿಯಲ್ಲಿ ತೋರಿಸಿದೆ.

“ಏನ ಬರದೈತಿ ಕಾಕಾ ಇದರಾಗ? ಅರ್ಥ ಆಗವಲ್ದು,” ಎಂದ ಕ್ಷೌರದವನು, ಕತ್ತರಿ ಹಿಡಿದುಕೊಂಡೇ.

“ಏನ ಬರದೈತಿ ಅಂತ ನೋಡಬ್ಯಾಡೋ. ಹೆಂಗ ಬರದೈತಿ ನೋಡು.”

“ಹಂಗಾದ್ರ ನಿಮ್ಮ ತಲಿನೂ ಹೆಂಗ ಕತ್ತರಿಸೀನಿ ಅಂತ ನೋಡ್ರಿ, ಎಷ್ಟ ಕೂದಲ ಅದಾವ ಅಂತ ನೋಡಬ್ಯಾಡ್ರಿ,” ಎಂದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮೊಮ್ಮಗಳ ಅಕ್ಷರ ಜೇಬಿನಲ್ಲಿರುವಾಗ ಯಾರು ಏನಂದರೂ ನಗುವೇ ಬರುತ್ತಿತ್ತು.

ಈಗ ನನ್ನ ತಪ್ಪಿನ ಮಾತು.

ನೇಕಾರನ ಮರ್ಯಾದೆ ಇರುವುದು ಸಣ್ಣ ಎಳೆಯಲ್ಲಿ. ದಪ್ಪ ನೂಲನ್ನು ಯಾರಾದರೂ ನೇಯುತ್ತಾರೆ, ಸಣ್ಣ ನೂಲನ್ನು ನೇಯ್ದವನಿಗೆ ಓಣಿಯಲ್ಲಿ ಹೆಸರು. ಅದೇ ಬುದ್ಧಿಯಿಂದ ನಾನು ಅವಳ ಅಕ್ಷರವನ್ನೂ ನೋಡಿದೆ. ಹಾಳೆಯನ್ನು ಸೀರೆಯ ಸೆರಗಿನಂತೆ ಬಾಗಿಲ ಬೆಳಕಿಗೆ ಎತ್ತಿ ಹಿಡಿದು, “ಇನ್ನೂ ಸಣ್ಣ ಮಾಡವಾ. ದಪ್ಪದು ಮುಗದ ಕೂಡಲೇ ಸಣ್ಣದು ಸುರು ಆಗಲಿ. ಅದರಾಗ ಐತಿ ಕೈಚಳಕ,” ಎನ್ನುತ್ತಿದ್ದೆ. ಮೊದಲ ಕ ಏರುತ್ತ ಏರುತ್ತ ಸಣ್ಣಗಾಗಿತ್ತಲ್ಲ, ಆ ಏರು ನನ್ನ ಮಾತಿಗೆ ಬರಬರುತ್ತ ಗಿಡ್ಡಾಯಿತು. ದಪ್ಪ ಗೆರೆ ಒಮ್ಮೆಲೇ ನಿಂತು, ಅಲ್ಲಿಂದಲೇ ಕೂದಲು ಹೊರಟಂತೆ ಕಾಣತೊಡಗಿತು. ಕಂಪ್ಯೂಟರಿನಲ್ಲಿ ಮಿಂಚು ಹೊಡೆದ ಹಾಗೆ ಕಾಣುತ್ತಿತ್ತು. ನಾನಂತೂ ಹಿಗ್ಗಿದೆ.

ಬಾಜು ಮನೆಯ ಬಸುರಿ ಸೊಸೆಯ ಕುಬಸಕ್ಕೆ ಕಾರ್ಡು ಮಾಡಬೇಕಿತ್ತು. ಅದನ್ನು ಇದೇ ಅಕ್ಷರದಲ್ಲಿ ಮಾಡಿಕೊಟ್ಟಳು. ದಪ್ಪ ನುಣ್ಣನೆಯ ಕಾಗದ, ಹಸಿರು ಮಸಿ, ನಾಲ್ಕೇ ಸಾಲು, ಸುತ್ತಲೂ ಬಯಲಿನಂತೆ ಬಿಳಿ. ಬಳ್ಳಿ, ಕೊಳಲು, ನವಿಲು ಏನೂ ಇಲ್ಲ. ಕುಬಸಕ್ಕೆ ಬಂದ ಹೆಂಗಸರು ಬಳೆ ಇಡಿಸಿಕೊಂಡಾದ ಮೇಲೆ ಕಾರ್ಡನ್ನು ಉಡಿಯಲ್ಲಿ ಕಟ್ಟಿಕೊಂಡು ಹೋದರು. ಮಗ್ಗುಲ ಓಣಿಯ ಮರಾಠಿ ಮಾತಾಡುವ ಅಜ್ಜಿಯೊಬ್ಬರು, “ನಮ್ಮ ಮರಾಠೀಗೂ ಇಂಥಾದ್ದ ಒಂದ ಮಾಡ ಬಾಳಾ,” ಎಂದು ಅವಳ ಗದ್ದ ಹಿಡಿದು ಕೇಳಿದರು.

ಆ ಕಾರ್ಡು ಖಾನಾಪುರಕ್ಕೂ ಹೋಯಿತು. ಅಲ್ಲಿ ಹೆಂಗಸರದೊಂದು ಸಂಘ ಇದೆ, ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಅಕ್ಕೋರೊಬ್ಬರು ಅದರ ಹಿರಿಯರು. ಸುತ್ತಲ ಹಳ್ಳಿಗಳ ಮುದುಕಿಯರಿಂದ ಬೀಸುವ ಹಾಡುಗಳನ್ನು ಕೇಳಿ ಬರೆದುಕೊಂಡು, ಒಂದು ಸಣ್ಣ ಪುಸ್ತಕ ಮಾಡಿ ನಾಗರ ಪಂಚಮಿಗೆ ಹಂಚಬೇಕೆಂದಿದ್ದರು. ಅಕ್ಕೋರು ಕಾರ್ಡು ನೋಡಿ ಮೊಮ್ಮಗಳಿಗೆ ಫೋನು ಮಾಡಿದರು: ಪುಸ್ತಕ ಪೂರ್ತಿ ಇದೇ ಅಕ್ಷರದಲ್ಲಿ ಬರಲಿ.

ಎರಡು ವರ್ಷ ಕೂತು ಅವಳು ಮಾಡಿದ ಅಕ್ಷರ ಅದು. ಇಲ್ಲಿಯವರೆಗೆ ನಾಲ್ಕು ಸಾಲಿನ ಕಾರ್ಡಿನಲ್ಲಿ ಮೆರೆದ ಅಕ್ಷರ ಈಗ ಪುಸ್ತಕದಲ್ಲಿ ನಡೆಯಬೇಕು. “ಪುಸ್ತಕದಾಗ ನಡದ್ರನ ಅಜ್ಜಾ ಅದು ಅಕ್ಷರ. ಇಲ್ಲಾಂದ್ರ ಬರೇ ಚಿತ್ರ,” ಎಂದಳು. ಅವಳ ದನಿ ಕೇಳಿ ನನಗೆ ತಿಳಿಯಿತು, ಕುಬಸದ ದಿನದ ಹೊಗಳಿಕೆಯೆಲ್ಲ ಅವಳ ಕಿವಿಯ ಹೊರಗೇ ನಿಂತಿತ್ತು.

ಪಂಚಮಿಗೆ ಇನ್ನೂ ಮೂರು ವಾರ ಇತ್ತು. ಖಾನಾಪುರದ ಪ್ರೆಸ್ಸಿನಲ್ಲಿ ಮಾದರಿ ಹಾಳೆ ಹೊಡೆದಿದ್ದಾರೆ, ಬಂದು ನೋಡಿ ಎಂದು ಕರೆ ಬಂತು. ನಾನೂ ಹೊರಟೆ. ಜಾಂಬೋಟಿಯ ಕಡೆಯಿಂದ ಮಳೆ ಹಿಡಿದುಕೊಂಡಿತ್ತು. ಬಸ್ಸಿನ ಕಿಟಕಿ ಮುಚ್ಚಿದರೂ ನನ್ನ ಎಡ ತೋಳು ತೊಯ್ದುಹೋಯಿತು, ಜೇಬಿನ ಹಾಳೆಗೆ ಮಾತ್ರ ಹನಿ ತಾಗಗೊಡಲಿಲ್ಲ.

ಪ್ರೆಸ್ಸಿನ ಮಾಲೀಕರು ಬಿಳಿ ಗಡ್ಡದವರು. ಮನೆಯಲ್ಲಿ ಉರ್ದು, ಗಿರಾಕಿ ಬಂದರೆ ಮರಾಠಿ, ನಮ್ಮೊಡನೆ ಕನ್ನಡ. “ಬರ್ರಿ ಕಾಕಾ, ಕುಂದರ್ರಿ. ಮೊದಲ ಚಹಾ ಕುಡೀರಿ, ಆಮ್ಯಾಲ ನೋಡೂಣು,” ಎಂದರು. ಮೊದಲು ಚಹಾ ಎಂದಾಗಲೇ ಸುದ್ದಿ ಒಳ್ಳೆಯದಲ್ಲ ಎಂದುಕೊಂಡೆ. ಅಕ್ಕೋರು ಆಗಲೇ ಬಂದು ಕೂತಿದ್ದರು. ಹಾಳೆ ಅವರ ಕೈಯಲ್ಲಿತ್ತು.

ಏನು ಹೇಳಲಿ. ಪುಸ್ತಕದ ಅಕ್ಷರ ಸಣ್ಣದು, ಕಾಗದ ಅಗ್ಗದ್ದು, ಒರಟು. ದಪ್ಪ ಗೆರೆಗಳು ಮಾತ್ರ ಉಳಿದಿದ್ದವು. ಕೂದಲೆಳೆಗಳಲ್ಲಿ ಕೆಲವು ಕಾಣೆಯಾಗಿದ್ದವು, ಉಳಿದವು ದಪ್ಪ ಗೆರೆಯನ್ನು ಬಿಟ್ಟು ಸಿಟ್ಟು ಮಾಡಿಕೊಂಡಂತೆ ದೂರ ನಿಂತಿದ್ದವು. ಕ ಇದ್ದಲ್ಲಿ ಸೊಂಟ ಇಲ್ಲ. ತಲೆಕಟ್ಟುಗಳಂತೂ ಗಾಳಿಗೆ ಹಾರಿದ ಪಟಗಗಳೇ. ಹಾಳೆಯ ತುಂಬ ಬಿಡಿ ಬಿಡಿ ಬಾಳೆಹಣ್ಣು ಚೆಲ್ಲಿದ ಹಾಗಿತ್ತು.

“ತಂಗೀ,” ಎಂದರು ಅಕ್ಕೋರು, “ಕಾರ್ಡಿನಾಗ ನೋಡಿ ನಾ ಮನಸ ಸೋತಿದ್ದೆ. ಆದ್ರ ಇದನ್ನ ಓದೂದ ಹೆಂಗ? ಈ ಹಾಡು ಕೊಟ್ಟಾಕಿ ಬೀಡಿ ಊರಿನ ಮುದುಕಿ. ಆಕಿ ಮೊಮ್ಮಕ್ಕಳು ಆಕಿ ಮುಂದ ಕುಂತ ಓದಿ ಹೇಳಬೇಕಲ್ಲ.”

ಮೊಮ್ಮಗಳು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು.

“ಬೇಟಾ, ನಿನ್ನ ಅಕ್ಷರ ಖರೇನ ಚಂದ ಅದಾವ,” ಎಂದರು ಮಾಲೀಕರು. “ನನ್ನ ಮಶಿನ್ ಮುದುಕ ಐತಿ, ಅದಕ್ಕ ಕೂದಲು ಕಾಣಂಗಿಲ್ಲ. ಒಂದ ಎಂಟ ದಿನ ಪುಸ್ತಕದ ಪ್ಲೇಟ್ ಮಾಡಾಕ ಹೋಗೂದಿಲ್ಲ ನಾ, ಅಷ್ಟರಾಗ ಸರಿ ಆಗತೈತೇನ ನೋಡು.”

ಎಂಟು ದಿನ. ಅಷ್ಟರಲ್ಲಿ ಆಗದಿದ್ದರೆ ಎಲ್ಲ ಪುಸ್ತಕಗಳಲ್ಲೂ ಇರುವ ಹಳೆಯ ಅಕ್ಷರದಲ್ಲೇ ಹೊಡೆಸುವುದು ಎಂದು ಅಕ್ಕೋರು ಮೆತ್ತಗೆ, ಆದರೆ ಗಟ್ಟಿಯಾಗಿ ಹೇಳಿದರು.

ಬಸ್ಸಿನಲ್ಲಿ ಕೂತ ಮೇಲೆ ಅಂದೆ, “ಎಲ್ಲಾ ಗೆರಿ ದಪ್ಪ ಮಾಡಿಬಿಡವಾ. ಮುಗದ ಹೋತು.”

“ದಪ್ಪ ಮಾಡಿದ್ರ ಓದಾಕ ಬರತೈತಿ ಅಜ್ಜಾ. ಆದ್ರ ಅದು ಈ ಅಕ್ಷರ ಅಲ್ಲ. ನಾಲ್ಕ ಮಂದಿವು ಇದ್ದಂಗ ಅದೂ ಒಂದ.”

“ಸಣ್ಣ ಮಾಡ, ಸಣ್ಣ ಮಾಡ ಅಂತ ಬೆನ್ನ ಹತ್ತಿದಾಂವ ನಾನ.”

ಅವಳು ಕಿಟಕಿಯ ಕಡೆ ತಿರುಗಿಯೇ, “ನನಗೂ ಆಸೆ ಇತ್ತಲ್ಲ ಅಜ್ಜಾ,” ಎಂದಳು. ಬೈದಿದ್ದರೆ ಹಗುರಾಗುತ್ತಿತ್ತು.

ಮನೆಗೆ ಬಂದಾಗ ನನ್ನ ಹೆಂಡತಿ ಅವಲಕ್ಕಿ ಕಲಸಿ ಇಟ್ಟಿದ್ದಳು. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಇಬ್ಬರ ಮುಖವನ್ನೂ ನೋಡಿ, ಏನೂ ಕೇಳದೆ, ಮೊಮ್ಮಗಳ ಕೈಯಿಂದ ಹಾಳೆ ತೆಗೆದುಕೊಂಡು ಬಾಗಿಲ ಬೆಳಕಿಗೆ ಹೋದಳು. ಬಹಳ ಹೊತ್ತು ನೋಡಿದಳು. ಮೇಲೆ ಕೆಳಗೆ ಯಾವುದೆಂದು ಅವಳಿಗೆ ಗೊತ್ತಿಲ್ಲ. ಹಾಳೆ ತಲೆಕೆಳಗಾಗಿತ್ತು.

“ಎಲ್ಲಾ ಕೂಡೂಕಡೇನ ಹರದಾವಲ್ಲ,” ಎಂದಳು.

“ಏನ ಆಯಿ?” ಮೊಮ್ಮಗಳು ಎದ್ದು ಹೋದಳು.

“ಇಲ್ಲಿ ನೋಡು. ಎಳಿ ನಡುವ ಹರದದ್ದು ಕಡಿಮಿ. ದಪ್ಪದಕ್ಕ ಸಣ್ಣದು ಎಲ್ಲಿ ಕೂಡತೈತಿ, ಅಲ್ಲೇ ಹರಕೊಂಡಾವ. ಇದನ್ನ ಯಾರೂ ಕೆಚ್ಚಿಲ್ಲ. ಬರೇ ಹಚ್ಚಿ ಇಟ್ಟಾರ.”

ಕೆಚ್ಚುವುದೆಂದರೆ ನಮ್ಮಲ್ಲಿ ಹೆಂಗಸರ ಕೆಲಸ. ಮಗ್ಗದ ಮೇಲಿನ ಉದ್ದೆಳೆಗಳ ಹಾಸು ಮುಗಿಯುತ್ತ ಬಂದಾಗ ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿ ಕೂಡಿಸಬೇಕು, ಸಾವಿರಾರು ಎಳೆ, ಒಂದೊಂದಾಗಿ. ಗಂಟು ಹಾಕುವಂತಿಲ್ಲ; ಗಂಟು ಹಣಿಗೆಯಲ್ಲಿ ಸಿಕ್ಕಿ ಹರಿಯುತ್ತದೆ. ಬೆರಳಿಗೆ ಬೂದಿ ಹಚ್ಚಿಕೊಂಡು ಎರಡನ್ನೂ ಹೊಸೆದು ಒಂದು ಮಾಡಬೇಕು. ನಾನು ನೇಯ್ದೆ ಎಂದು ಹೇಳಿಕೊಂಡ ಪ್ರತಿ ಸೀರೆಯ ಹಿಂದೆ ಅವಳ ಈ ಕೆಲಸ ಇತ್ತು. ಅವಳು ಪಕ್ಕದಲ್ಲೇ ಕೂತು ಮಾಡುತ್ತಿದ್ದಳು, ನಾನು ಅದನ್ನು ನೋಡಿಯೂ ನೋಡದವನಂತೆ ಇದ್ದೆ.

ಅವಳು ಬಚ್ಚಲ ಒಲೆಯಿಂದ ಚಿಟಿಕೆ ಬೂದಿ ತಂದಳು. ಟ್ರಂಕಿನ ತಳದಿಂದ ಹಳೆಯ ನೂಲಿನ ಲಡಿ ಬಂತು. ಮೊಮ್ಮಗಳ ಮೇಜಿನ ಕಾಲಬಳಿ, ಮುಚ್ಚಿದ ಕುಣಿಯ ಮೇಲೆಯೇ ಕೂತು, ಒಂದು ದಪ್ಪ ಎಳೆ, ಒಂದು ಸಣ್ಣ ಎಳೆ ತೆಗೆದುಕೊಂಡಳು.

“ಎರಡು ತುದಿ ಎದುರಾಬದರ ಇಟ್ರ ಕೂಡಂಗಿಲ್ಲ ಮಗಳ. ಒಂದರ ಬಾಜು ಒಂದು ಒಂದಿಷ್ಟ ದೂರ ನಡೀಬೇಕು. ದಪ್ಪದು ಹೋಗ್ತಾ ಹೋಗ್ತಾ ಕರಗಬೇಕು, ಸಣ್ಣದು ಅದರ ಹೊಟ್ಯಾಗಿಂದ ಹೊರಗ ಬರಬೇಕು. ಎಲ್ಲಿ ಮುಗೀತು, ಎಲ್ಲಿ ಸುರು ಆತು, ಯಾರಿಗೂ ಸಿಗಬಾರದು.”

ಹೆಬ್ಬೆರಳು ತೋರುಬೆರಳು ಒಮ್ಮೆ ಉಜ್ಜಿದವು. ಅಷ್ಟೇ. ಎಳೆಯನ್ನು ಎರಡೂ ಕಡೆ ಹಿಡಿದು ಜಗ್ಗಿ ತೋರಿಸಿದಳು. ಹರಿಯಲಿಲ್ಲ.

“ಇವರ ಮಾತ ಕೇಳಿ ಕೆಟ್ಟಿ ನೀ,” ಎಂದಳು, ನನ್ನ ಕಡೆ ನೋಡದೆ. “ಸಣ್ಣ ಎಳಿ ನೇಯತೀನಿ ಅಂತ ಓಣಿ ತುಂಬ ಹೇಳಿಕೊಂಡ ಅಡ್ಡಾಡಿದ್ರು. ಹರದಾಗೆಲ್ಲ ‘ಏ, ಇಲ್ಲಿ ಬಾ’ ಅಂತ ಕರದದ್ದ ಯಾರನ್ನ, ಕೇಳು.”

“ನಿನ್ನ,” ಎಂದೆ.

ಮೊಮ್ಮಗಳು ಆ ಎಳೆಯನ್ನು ಕೇಳಿ ಪಡೆದು, ಮೊಬೈಲಿನಲ್ಲಿ ಹತ್ತಿರದಿಂದ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದಳು. ಆಮೇಲೆ ಮೇಜಿಗೆ ಕೂತವಳು ಏಳಲಿಲ್ಲ. ಮುಂದಿನ ದಿನಗಳಲ್ಲಿ ಎಲ್ಲ ಅಕ್ಷರಗಳಲ್ಲೂ ಒಂದೊಂದು ಕೂಡುವ ಜಾಗವನ್ನೂ ಬಿಚ್ಚಿ ಮತ್ತೆ ಕೂಡಿಸಿದಳು. ದಪ್ಪ ಗೆರೆ ಕರಗುತ್ತ ಹೋಗಿ ಸಣ್ಣದರೊಳಗೆ ಸೇರಿಕೊಂಡಿತು. ಕಾರ್ಡಿಗೆ, ಪುಸ್ತಕದ ಮೇಲ್ಪುಟಕ್ಕೆ ಬೇಕಾಗುವ ದೊಡ್ಡ ಅಕ್ಷರದ ಕೂದಲನ್ನು ಹಾಗೇ ಉಳಿಸಿದಳು. ಒಳಗಿನ ಸಣ್ಣ ಅಕ್ಷರಕ್ಕೆಂದು ಅದರದೇ ತಂಗಿಯೊಂದನ್ನು ಮಾಡಿದಳು. ಅದರ ಕೂದಲು ಒಂದು ಗುಲಗಂಜಿಯಷ್ಟು ತುಂಬಿದ್ದು. ಮದುವೆಯ ಸೀರೆ ಬೇರೆ, ದಿನ ಉಡುವ ಸೀರೆ ಬೇರೆ, ನೇಯ್ದ ಕೈ ಒಂದೇ. ನಾನು ಈ ಸಲ ಸಲಹೆ ಕೊಡಲಿಲ್ಲ. ಚಹಾ ಮಾಡಿ ಕೊಟ್ಟೆ. ಬಾಯಿ ತೆಗೆಯಲು ಹೋದಾಗಲೆಲ್ಲ ಅಡುಗೆಮನೆಯಿಂದ ಕೆಮ್ಮು ಕೇಳುತ್ತಿತ್ತು.

ಎಂಟನೆಯ ದಿನ ಮತ್ತೆ ಖಾನಾಪುರ. ಅದೇ ಮುದುಕ ಮಶಿನ್, ಅದೇ ಒರಟು ಕಾಗದ, ಹೊರಗೆ ಅದೇ ಮಳೆ. ಮಾಲೀಕರು ಹಸಿ ಹಾಳೆಯನ್ನು ಎರಡು ಮೂಲೆ ಹಿಡಿದು ತಂದು ಮೇಜಿನ ಮೇಲೆ ಹಾಸಿದರು. ಅಕ್ಕೋರು ಕನ್ನಡಕ ಒರೆಸಿಕೊಂಡು ಬಗ್ಗಿದರು, ಆಮೇಲೆ ತಲೆಯೆತ್ತಿ ನನ್ನ ಕಡೆ ನೋಡಿದರು.

“ಅಣ್ಣಾರ, ನೀವು ಎಷ್ಟನೇ ಇಯತ್ತೆ ಕಲತೀರಿ?”

“ನಾಲ್ಕನೇತ್ತ ರೀ. ಖರೇ ಹೇಳಬೇಕಂದ್ರ ಮೂರೂವರಿ.”

“ಹಂಗಾದ್ರ ನೀವ ಓದ್ರಿ. ನಾ ಓದಿದ್ರ ಅದು ಪರೀಕ್ಷಾ ಅಲ್ಲ.”

ಶಾಲೆ ಬಿಟ್ಟ ಮೇಲೆ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಒಂದು ಸಾಲೂ ಓದಿದವನಲ್ಲ ನಾನು. ಮೊಮ್ಮಗಳು ಮಶಿನ್ನಿನ ಹತ್ತಿರ ನಿಂತಿದ್ದಳು, ತನ್ನ ಓಢಣಿಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ. ಎರಡು ವರ್ಷದ ಕೆಲಸ ಈ ಮೂರೂವರೆ ಇಯತ್ತೆಯ ಬಾಯಿಗೆ ಬಂದು ನಿಂತಿತ್ತು.

ಮೊದಲ ಅಕ್ಷರದ ಮೇಲೆ ಬೆರಳಿಟ್ಟೆ. ಬೆರಳು ದಪ್ಪ ಗೆರೆ ಇಳಿದು, ಕೂದಲು ಹಿಡಿದು ಮೇಲೆ ಹತ್ತಿ, ಪಕ್ಕದ ಅಕ್ಷರಕ್ಕೆ ತಾನೇ ದಾಟಿತು. ಅಣ್ಣ ಪಂಚಮಿಗೆ ಕರೆಯಲು ಬರುವ ಹಾಡು ಅದು. ಮೊದಲ ಸಾಲು ತಡವರಿಸಿ ಓದಿದೆ, ಎರಡನೆಯದು ಅಷ್ಟು ತಡವರಿಸಲಿಲ್ಲ. ದಪ್ಪ, ಸಣ್ಣ, ದಪ್ಪ, ಸಣ್ಣ. ಬೀಸುಕಲ್ಲು ತಿರುಗುವ ಲಯವೇ ಅಕ್ಷರದೊಳಗೂ ಇತ್ತು. ಅಲ್ಲಿಂದ ಮುಂದೆ ಎಲ್ಲೂ ನಿಲ್ಲಬೇಕಾಗಲಿಲ್ಲ. ಅಣ್ಣ ಹಳ್ಳದ ಆಚೆ ನಿಂತ, ತಂಗಿ ಹೊಸ್ತಿಲಿಗೆ ಬಂದಳು.

“ಸಾಕ್ರಿ ಅಣ್ಣಾರ,” ಎಂದರು ಅಕ್ಕೋರು.

“ತಡೀರಿ ಅಕ್ಕೋರ, ಆಕಿ ಇನ್ನೂ ತವರಿಗೆ ಮುಟ್ಟಿಲ್ಲ,” ಎಂದು ನಾನು ಹಾಳೆ ತಿರುಗಿಸಿದೆ. ಹಿಂದೆ ಏನೂ ಅಚ್ಚಾಗಿರಲಿಲ್ಲ. ಮಾಲೀಕರು ಜೋರಾಗಿ ನಕ್ಕರು. “ಕಾಕಾಗ ಮುಂದಿನ ಪೇಜ್ ಬೇಕಂತ ಬೇಟಾ. ಪ್ಲೇಟ್ ಮಾಡಸ್ತೀನಿ ನಾ.” ಮೊಮ್ಮಗಳು ಬಂದು ನನ್ನ ಹೆಗಲಿಗೆ ಹಣೆ ಹಚ್ಚಿ ನಿಂತಳು. ನನಗೂ ಮುಂದೆ ಓದಲು ಏನೂ ಉಳಿದಿರಲಿಲ್ಲ, ಕಣ್ಣೂ ಸರಿಯಾಗಿ ಕಾಣುತ್ತಿರಲಿಲ್ಲ.

ಪಂಚಮಿಯ ಹಿಂದಿನ ದಿನ ಪುಸ್ತಕ ಮನೆಗೆ ಬಂತು. ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ನಾನು ಪೂರ್ತಿ ಓದಿದ ಮೊದಲ ಪುಸ್ತಕ ಅದು. ಈ ಬರಹವನ್ನೂ ನಾನು ಹೇಳುತ್ತ, ಗೀಚುತ್ತ ಹೋದಂತೆ ಮೊಮ್ಮಗಳು ಅದೇ ಅಕ್ಷರದಲ್ಲಿ ಕೂಡಿಸುತ್ತಿದ್ದಾಳೆ.

ಆ ದಿನ ಹೆಂಡತಿ ಪಂಚಮಿಯ ಉಂಡಿ ಕಟ್ಟುತ್ತ ಕೂತಿದ್ದಳು. ಮುಂದೆ ಕೂತು ಓದಿ ಹೇಳಲೇ ಎಂದು ಕೇಳಿದೆ.

“ಹಾಡ ನನಗೂ ಬರತಾವ. ಅಕ್ಷರ ತೋರಸ್ರಿ.”

ಕೈಯನ್ನು ಸೆರಗಿಗೆ ಒರೆಸಿಕೊಂಡು ಪುಸ್ತಕ ತೆಗೆದುಕೊಂಡಳು. ಬಾಗಿಲ ಬೆಳಕಿಗೆ ಹೋಗಿ, ಒಂದು ಅಕ್ಷರ ಆರಿಸಿ, ಹೆಬ್ಬೆರಳ ಉಗುರಿನಿಂದ ದಪ್ಪ ಗೆರೆಯ ಮೇಲಿಂದ ಸಣ್ಣದರವರೆಗೆ ಮೆಲ್ಲಗೆ ನಡೆದಳು. ಹಿಂದಕ್ಕೆ ಬಂದಳು. ಮತ್ತೆ ಹೋದಳು. ಕೂಡಿದ ಜಾಗ ಹುಡುಕುತ್ತಿದ್ದಳು. ಇನ್ನೊಂದು ಅಕ್ಷರ ಹಿಡಿದಳು, ಇನ್ನೊಂದು. ಮೊಮ್ಮಗಳು ಮೇಜಿನಿಂದ ಕತ್ತು ತಿರುಗಿಸಿ, ಉಸಿರು ಹಿಡಿದು ನೋಡುತ್ತಿದ್ದಳು.

“ಸಿಗವಲ್ದು,” ಎಂದಳು ಕೊನೆಗೆ. ಪುಸ್ತಕವನ್ನು ನನ್ನ ಕೈಗಲ್ಲ, ಮೊಮ್ಮಗಳ ಕೈಗೆ ಕೊಟ್ಟು, ಉಂಡಿಯ ಪರಾತದ ಕಡೆ ಹೋಗುತ್ತ ಅಂದಳು, “ಕೆಚ್ಚಾಕ ಬರತೈತಿ ಈಕಿಗೆ.”